ಇಲ್ಲದ್ದನ್ನು ಇಲ್ಲ ಅಂತ ಮೊದಲೇ ಹೇಳಿ

ನಿನ್ನೆ ರಾತ್ರಿ ಹನ್ನೊಂದೂವರೆಗೆ ಅಕ್ಕನ ಮಗಳ ಫೋನ್. "ಮಾಮ, ಮೇಕ್ ಆಯ್ತು, ಇನ್‌ಸ್ಟಾಲೂ ಆಯ್ತು. ಒಂದು ಎರರ್ ಇಲ್ಲ. ಆದ್ರೆ ಪುಟ ಕೊಟ್ರೆ ಓದ್ತಾನೇ ಇಲ್ಲ." ಇನ್ನೇನು ಅಳುವ ಹಾಗಿದ್ದಳು. ನನಗೆ ಮೈ ಉರಿದುಹೋಯಿತು. ಅವಳ ಮೇಲಲ್ಲ.

ನಾನು ಹಳೇ ಪುಸ್ತಕಗಳ ಸ್ಕ್ಯಾನ್‌ನಿಂದ ಅಕ್ಷರ ಎತ್ತಲು ಟೆಸೆರಾಕ್ಟ್ ಬಳಸುವುದು ನಿಮಗೆ ಗೊತ್ತೇ ಇದೆ. ಅವಳೂ ಅದನ್ನೇ ಸೋರ್ಸ್ ಕೋಡ್‌ನಿಂದ ತನ್ನ ಮಷೀನ್‌ನಲ್ಲಿ ಕಟ್ಟುತ್ತಿದ್ದಳು; ಮೇಕ್ ಅನ್ನುವುದು ಹಾಗೆ ಕಟ್ಟುವ ಆಜ್ಞೆ. ಅದು ಕನ್ನಡ ಓದುತ್ತದೆ, ಆದರೆ ಚಿತ್ರದ ಫೈಲನ್ನು ತಾನೇ ತೆರೆಯುವುದಿಲ್ಲ. ಅದಕ್ಕೆ ಲೆಪ್ಟೋನಿಕಾ ಅನ್ನುವ ಲೈಬ್ರರಿ, ಅಂದರೆ ಬೇರೆ ಪ್ರೋಗ್ರಾಂಗಳು ಬಳಸಿಕೊಳ್ಳುವ ಸಿದ್ಧ ಕೋಡ್, ಬೇಕು. ಲೆಪ್ಟೋನಿಕಾಗೆ ಪಿಎನ್‌ಜಿ ತೆರೆಯಲು ಲಿಬ್‌ಪಿಎನ್‌ಜಿ ಬೇಕು, ಟಿಫ್ ತೆರೆಯಲು ಲಿಬ್‌ಟಿಫ್. ಇವುಗಳ ಹೆಡರ್ ಫೈಲ್ (ಲೈಬ್ರರಿಯಲ್ಲಿ ಏನೇನಿದೆ ಅಂತ ಹೇಳುವ ಫೈಲ್) ಇಲ್ಲದಿದ್ದರೆ ಕಂಪೈಲ್, ಅಂದರೆ ಕಟ್ಟುವ ಕೆಲಸ, ಅಲ್ಲೇ ನಿಲ್ಲಬೇಕು ಅಲ್ವಾ? ನಿಲ್ಲುವುದಿಲ್ಲ. ಕಟ್ಟುವ ಮೊದಲು ಮಷೀನ್‌ನಲ್ಲಿ ಏನಿದೆ ಏನಿಲ್ಲ ಅಂತ ನೋಡುವ ಕಾನ್ಫಿಗರ್ ಓಡುವಾಗ ಸಾಲುಗಳು ಸರಸರ ಮೇಲೆ ಹೋಗುತ್ತವೆ. ಅವುಗಳ ನಡುವೆ ಎಲ್ಲೋ ಲಿಬ್‌ಪಿಎನ್‌ಜಿ ಎದುರು ಒಂದು "ನೋ". ಅಷ್ಟೇ. ಉಳಿದದ್ದೆಲ್ಲ ಸಲೀಸಾಗಿ ಮುಗಿಯುತ್ತದೆ. ಕೊನೆಗೆ ಪುಟ ಕೊಟ್ಟಾಗ "ಫಂಕ್ಷನ್ ನಾಟ್ ಪ್ರೆಸೆಂಟ್" ಅನ್ನುತ್ತದೆ. ಆ ಮಾತಿಗೂ ಅವಳು ಸಂಜೆ ನೋಡದೇ ಬಿಟ್ಟ "ನೋ"ಗೂ ನಂಟಿದೆ ಅಂತ ಹೊಸಬರಿಗೆ ಹೇಗೆ ಹೊಳೆಯಬೇಕು?

ಇದನ್ನು ತಡೆಯುವ ದಾರಿ ಇದೆ. ಕಾನ್ಫಿಗರ್‌ಗೆ "ವಿತ್-ಲಿಬ್‌ಪಿಎನ್‌ಜಿ" (--with-libpng) ಅಂತ ಸೇರಿಸಿದರೆ, ಸಿಗದಿದ್ದಾಗ ಅಲ್ಲೇ ನಿಂತು ಹೇಳುತ್ತದೆ. ಅವಳು ನೋಡಿಕೊಂಡು ಮಾಡಿದ ಮೂರು ಟ್ಯುಟೋರಿಯಲ್‌ಗಳಲ್ಲೂ ಈ ಒಂದು ಪದ ಇರಲಿಲ್ಲ. ನನ್ನ ಸಿಟ್ಟೆಲ್ಲ ಹಾಗೆ ಬರೆಯುವವರ ಮೇಲೆ. ನಿಮ್ಮ ಮಷೀನ್‌ನಲ್ಲಿ ಅದು ಮೊದಲೇ ಇತ್ತು, ಹಾಗಾಗಿ ಓಡಿತು. ಓದುವವರ ಮಷೀನ್‌ನಲ್ಲೂ ಇದೆ ಅಂತ ಯಾಕೆ ಅಂದುಕೊಳ್ಳುತ್ತೀರಿ?

"ಸುಮ್ನೆ ಆಪ್ಟ್ ಇನ್‌ಸ್ಟಾಲ್ ಮಾಡು ಅಂತ ಹೇಳಬಾರದಿತ್ತಾ?" ಅಂತ ಕೇಳಬೇಡಿ. ಆಪ್ಟ್ ಅಂದರೆ ಮೊದಲೇ ಕಟ್ಟಿಟ್ಟದ್ದನ್ನು ಇಳಿಸಿ ಹಾಕುವ ಆಜ್ಞೆ. ಅವಳ ಲಿನಕ್ಸ್ ಆದ ಉಬುಂಟು 20.04ರಲ್ಲಿ ಹಾಗೆ ಸಿಗುವುದು ಟೆಸೆರಾಕ್ಟ್‌ನ 4.1.1 ಆವೃತ್ತಿ. ಅವಳ ಪ್ರಾಜೆಕ್ಟ್‌ಗೆ ಬೇಕಿರುವುದು 5.

ಒಂದು ಮಾತು ಇಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. 2019ರಲ್ಲಿ ಇದೇ ಎರರ್ ನನಗೂ ಬಂದಿತ್ತು. ಕನ್ನಡದ ಡೇಟಾ ಫೈಲೇ ಸರಿಯಿಲ್ಲ ಅಂದುಕೊಂಡೆ. ನಮ್ಮೂರಿನ ಮೇಷ್ಟ್ರೊಬ್ಬರಿಗೆ "ಕನ್ನಡಕ್ಕೆ ಇದು ಆಗಲ್ಲ ಸರ್" ಅಂದುಬಿಟ್ಟೆ. ಸ್ಕ್ಯಾನ್ ಮಾಡಿ ಇಟ್ಟಿದ್ದ ಪುಟಗಳನ್ನು ಅವರು ಹಾಗೇ ಬಿಟ್ಟರು. ಅದು ಇವತ್ತಿಗೂ ಚುಚ್ಚುತ್ತದೆ.

ಬೇರೆ ಕಡೆಯೂ ಇದೇ ಕಥೆ. ವಿಂಡೋಸ್‌ನಲ್ಲಿ ಬಿಲ್ಡ್ ಮುಗಿಯುತ್ತದೆ, ಓಡಿಸಿದಾಗ ಡಿಎಲ್‌ಎಲ್ (ವಿಂಡೋಸ್‌ನ ಲೈಬ್ರರಿ ಫೈಲ್) ಸಿಗಲಿಲ್ಲ ಅನ್ನುತ್ತದೆ. ಮ್ಯಾಕ್‌ನಲ್ಲಿ ಲೈಬ್ರರಿಗಳನ್ನು ಇಳಿಸಿ ಹಾಕುವ ಹೋಂಬ್ರೂ, ಇಂಟೆಲ್ ಮ್ಯಾಕ್‌ನಲ್ಲಿ ಅವನ್ನು ಯುಎಸ್ಆರ್-ಲೋಕಲ್ (/usr/local) ಫೋಲ್ಡರ್‌ನಲ್ಲಿ ಇಡುತ್ತದೆ, ಎಂ1 ಚಿಪ್‌ನ ಮ್ಯಾಕ್‌ನಲ್ಲಿ ಆಪ್ಟ್-ಹೋಂಬ್ರೂನಲ್ಲಿ (/opt/homebrew). ಹಳೇ ಟ್ಯುಟೋರಿಯಲ್ ನೋಡಿದವರು ಖಾಲಿ ಫೋಲ್ಡರ್‌ನಲ್ಲಿ ಹುಡುಕುತ್ತಾರೆ.

ರಾತ್ರಿ ಒಂದು ಗಂಟೆಗೆ ಅವಳು ಲಿಬ್‌ಪಿಎನ್‌ಜಿ-ಡೆವ್ (ಹೆಡರ್ ಫೈಲ್ ಇರುವ ಪ್ಯಾಕೇಜ್) ಹಾಕಿ, ಲೆಪ್ಟೋನಿಕಾವನ್ನು ಮೊದಲಿಂದ ಕಟ್ಟಿದಳು. ಪುಟ ಕೊಟ್ಟಳು. ಒತ್ತಕ್ಷರಗಳ ಸಮೇತ ಮೊದಲ ಸಾಲು ಬಂತು. ಫೋನ್‌ನಲ್ಲೇ ಓದಿ ಹೇಳಿದಳು.

ಟೆಸೆರಾಕ್ಟ್ ಕಟ್ಟುವ ಮೊದಲು ಏನೇನು ಇರಬೇಕು ಅನ್ನುವ ಪೂರ್ತಿ ಪಟ್ಟಿ ಬರೆಯುತ್ತಿದ್ದೇನೆ, ಯಾವುದು ಯಾಕೆ ಬೇಕು ಅನ್ನುವುದರ ಸಮೇತ. ಫೆಡೋರಾ ಅನ್ನುವ ಲಿನಕ್ಸ್ ಬಳಸುವವರು ಪ್ಯಾಕೇಜ್ ಹೆಸರಿನಲ್ಲಿ ಡೆವ್ ಬದಲು ಡೆವೆಲ್ ಅಂತ ಹುಡುಕಿ. ವಿಂಡೋಸ್‌ನಲ್ಲಿ ಕಟ್ಟಿದವರು ಎಲ್ಲಿ ಸಿಕ್ಕಿಬಿದ್ದಿರಿ ಅಂತ ಕೆಳಗೆ ಬರೆಯಿರಿ, ಸೇರಿಸುತ್ತೇನೆ. ಮೇಷ್ಟ್ರಿಗೂ ಇವತ್ತೇ ಫೋನ್ ಮಾಡುತ್ತೇನೆ.