ಸ್ಪಷ್ಟನೆ: ಮೋಟರ್‌ಹೋಮ್ (ಒಳಗೇ ವಾಸಿಸಬಹುದಾದ ಗಾಡಿ) ಗ್ಯಾಸ್‌ಗೆ ಗ್ರಿಲ್ ಜೋಡಿಸುವ ಮುಂಚೆ ಇದನ್ನು ಓದಿ

‘ಯಾವ ಗ್ರಿಲ್ ಆದರೂ ಮೋಟರ್‌ಹೋಮ್‌ನ ಹೊರಗಿನ ಗ್ಯಾಸ್ ಪಾಯಿಂಟ್‌ಗೆ ಹಾಕಬಹುದು, ಉರಿ ಕಮ್ಮಿಯಾದರೆ ಗ್ರಿಲ್‌ನ ರೆಗ್ಯುಲೇಟರ್ ಕಿತ್ತುಬಿಡಿ’ ಅಂತ ಒಂದು ಮೆಸೇಜ್ ಓಡಾಡುತ್ತಿದೆ. ನಾನೂ ನಂಬಿ ಹಂಚಿದ್ದೆ. ಅದು ತಪ್ಪು.

ಆ ಪಾಯಿಂಟ್‌ಗೆ ಬರುವ ಗ್ಯಾಸಿನ ಒತ್ತಡವನ್ನು ಗಾಡಿಯ ರೆಗ್ಯುಲೇಟರ್ ಸಾಮಾನ್ಯವಾಗಿ ಮೊದಲೇ 30 ಮಿಲಿಬಾರ್ ಆಸುಪಾಸಿಗೆ ಇಳಿಸಿರುತ್ತದೆ. ಗ್ರಿಲ್‌ಗೂ ಒಂದು ರೆಗ್ಯುಲೇಟರ್ ಇದ್ದರೆ ಒತ್ತಡ ಎರಡು ಸಲ ಇಳಿದು ಉರಿ ಸೊರಗುತ್ತದೆ, ಅಷ್ಟೇ. ಹಾಗಂತ ಅದನ್ನು ಕಿತ್ತು, ಆಮೇಲೆ ಯಾವತ್ತೋ ಮರೆತು ಅದೇ ಗ್ರಿಲ್ಲನ್ನು ನೇರ ಸಿಲಿಂಡರ್‌ಗೆ ಹಾಕಿದರೆ ಜ್ವಾಲೆ ಮುಖಕ್ಕೇ ಬರಬಹುದು, ಅಲ್ವಾ?

ಕಡಿಮೆ ಒತ್ತಡಕ್ಕೆಂದೇ ಮಾಡಿದ ಗ್ರಿಲ್ ತಗೊಳ್ಳಿ, ಇಲ್ಲವೇ ನಿಮ್ಮ ಗ್ರಿಲ್ಲನ್ನು ಕಡಿಮೆ ಒತ್ತಡಕ್ಕೆ ಹೊಂದಿಸಲು ತಯಾರಕರೇ ಕೊಡುವ ಕಿಟ್ ಬಳಸಿ. ಜೋಡಿಸಿದ ಮೇಲೆ ಸೋಪು ನೀರು ಹಚ್ಚಿ ನೋಡಿ, ಗುಳ್ಳೆ ಬಂದರೆ ಸೋರಿಕೆ. ಆ ಮೆಸೇಜನ್ನು ದಯವಿಟ್ಟು ಫಾರ್ವರ್ಡ್ ಮಾಡಬೇಡಿ.