ರಿಪೋರ್ಟ್ ತೋರಿಸೋದಷ್ಟೇ!

ಸಂಜೆ 6.10ಕ್ಕೆ ಬನ್ನಿ ಅಂತ ಖಾಸಗಿ ಆಸ್ಪತ್ರೆಯಿಂದ ಮೆಸೇಜ್ ಬಂದರೆ ಅದನ್ನು ಗಡಿಯಾರದ ಲೆಕ್ಕದಲ್ಲಿ ಓದಬಾರದು. ಹಾಗೆ ಓದಿದವರು ಆರಕ್ಕೆ ಮುಂಚೆಯೇ ಹೋಗಿ, ಹೆಸರು ಬರೆಸಿ, ತೂಕ ನೋಡಿಸಿ, ಫೀಸು ಕಟ್ಟಿ, ಸ್ಟೀಲ್ ಕುರ್ಚಿ ಹಿಡಿದು ಕೂತಿರುತ್ತಾರೆ. ಡಾಕ್ಟರು ಎಲ್ಲಿ? ಆರೂವರೆಗೆ ಕೇಳಿದರೆ ‘ಓಟಿಯಲ್ಲಿದ್ದಾರೆ’. ಏಳಕ್ಕೆ ‘ರೌಂಡ್ಸ್‌ನಲ್ಲಿದ್ದಾರೆ’. ಏಳೂವರೆಗೆ ‘ಮನೆ ಬಿಟ್ಟಿದಾರಂತೆ, ಇನ್ನೇನು ಬಂದ್ರು’. ಇಷ್ಟರಲ್ಲಿ ಪಕ್ಕದವರ ಪರಿಚಯವಾಗಿ, ಅವರ ಮೊಬೈಲಿನಲ್ಲೂ ಅದೇ 6.10 ಇರುವುದು ಗೊತ್ತಾಗುತ್ತದೆ. ಹಿಂದಿನ ಸಾಲಿನವರದ್ದೂ ಅದೇ. ಜಾತಕ ಕೂಡಿಬಂದ ಹಾಗೆ.

ಈ ವಿಷಯದಲ್ಲಿ ಸರ್ಕಾರಿ ಆಸ್ಪತ್ರೆಯೇ ಪ್ರಾಮಾಣಿಕ. ಚೀಟಿ ಮಾಡಿಸು, ಸಾಲಲ್ಲಿ ನಿಲ್ಲು, ಅಷ್ಟೇ. ಇಷ್ಟು ಹೊತ್ತಿಗೆ ನೋಡುತ್ತೇವೆ ಅಂತ ಯಾರೂ ಮಾತು ಕೊಟ್ಟಿರುವುದಿಲ್ಲ. ಈಗ ಕೆಲವು ಕಡೆ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ಆಭಾ (ಕೇಂದ್ರ ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ನಂಬರಿನ ಮೇಲೆ ಬೇಗ ಚೀಟಿ ತೆಗೆದುಕೊಳ್ಳಬಹುದು. ಚೀಟಿಯ ಸಾಲು ಕರಗಿದೆ, ಡಾಕ್ಟರ ಬಾಗಿಲಿನ ಸಾಲು ಅಷ್ಟು ಉದ್ದವಾಗಿದೆ.

ಖಾಸಗಿಯಲ್ಲಿ ಸಾಲು ಕಾಣುವುದಿಲ್ಲ, ಟೋಕನ್ ಇರುತ್ತದೆ. ಟೋಕನ್ನಿಗಿಂತ ದೊಡ್ಡ ಮಂತ್ರ ‘ರಿಪೋರ್ಟ್ ತೋರಿಸೋದಷ್ಟೇ’. ಕೈಯಲ್ಲೊಂದು ಎಕ್ಸ್‌ರೇ ಕವರ್ ಹಿಡಿದು, ಯಾರ ಮುಖವನ್ನೂ ನೋಡದೆ, ಸಿಸ್ಟರ್‌ಗೆ ಮಾತ್ರ ಕೇಳುವ ಹಾಗೆ ಇದನ್ನು ಹೇಳಿದರೆ ಬಾಗಿಲು ತೆರೆಯುತ್ತದೆ. ಒಳಗೆ ಹೋದವರು ರಿಪೋರ್ಟ್ ತೋರಿಸಿ, ಹೊಸ ಕೆಮ್ಮು ತೋರಿಸಿ, ಜೊತೆಗೆ ಬಂದ ಮಗನ ಮೊಡವೆಯನ್ನೂ ತೋರಿಸಿಯೇ ಹೊರಬರುವುದು. ಬಾಗಿಲು ಮುಚ್ಚುವ ಮುನ್ನ ಬ್ಯಾಗು ಹೆಗಲಿಗೇರಿಸಿದ ಇಬ್ಬರು ಮೆಡಿಕಲ್ ರೆಪ್‌ಗಳು ನುಸುಳುತ್ತಾರೆ. ಅವರಿಗೆ ಕಾಯಿಲೆ ಇಲ್ಲ, ಹಾಗಾಗಿ ಕಾಯುವ ಕರ್ಮವೂ ಇಲ್ಲ.

ಕೊನೆಗೂ ನಮ್ಮ ಹೆಸರು ಕೂಗುತ್ತಾರೆ, ಅದೂ ತಪ್ಪಾಗಿ. 67 ದೇಶಗಳ ಲೆಕ್ಕ ಹಿಡಿದು 2017ರಲ್ಲಿ ಬಿಎಂಜೆ ಓಪನ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ ಸ್ವೀಡನ್ನಿನ ವೈದ್ಯರು ಒಬ್ಬ ರೋಗಿಗೆ ಸರಾಸರಿ 22.5 ನಿಮಿಷ ಕೊಡುತ್ತಾರೆ, ಬಾಂಗ್ಲಾದೇಶದವರು 48 ಸೆಕೆಂಡು. ನಾವು ಸುಮಾರು 2 ನಿಮಿಷದವರು. ನಮ್ಮತ್ತೆಯಂಥವರನ್ನು ಕಂಡಿದ್ದರೆ ಸ್ವೀಡನ್ನಿಗೂ 22 ನಿಮಿಷ ಸಾಲುತ್ತಿರಲಿಲ್ಲ ಅನ್ನುವುದು ಬೇರೆ ಮಾತು. ಅವರು ಮಂಡಿನೋವಿನ ಕಥೆಯನ್ನು ಮಗಳ ಬಾಣಂತನದಿಂದ ಶುರು ಮಾಡುವವರು. ಆ ಬಾಣಂತನದ ಹಂಡೆಯಲ್ಲಿ ನೀರು ಕಾಯುವಷ್ಟರಲ್ಲಿ ಡಾಕ್ಟರು ಎರಡು ಮಾತ್ರೆ, ಒಂದು ಮುಲಾಮು, ಒಂದು ಎಕ್ಸ್‌ರೇ ಬರೆದು ಬೆಲ್ ಒತ್ತಿಯಾಗಿತ್ತು. ಯಾವ ಮಂಡಿ ಅಂತ ಕೇಳಿದ್ದು ಎಕ್ಸ್‌ರೇ ತೆಗೆಯುವ ಹುಡುಗ.

ಡಾಕ್ಟರನ್ನು ಬೈದು ಪ್ರಯೋಜನವಿಲ್ಲ ಅನ್ನುವುದೂ ನಿಜ. ಹೊರಗೆ ಐವತ್ತು ಜನ ಕೂತಿದ್ದರೆ ಒಳಗೆ ಒಬ್ಬರು ಎಷ್ಟಂತ ಕೇಳಿಸಿಕೊಂಡಾರು? ಜನ ಹೆಚ್ಚಿದ್ದಾರೆ, ಕಾಯೋಣ. ಆದರೆ ಐವತ್ತು ಜನರಿಗೂ ನಿಮಿಷ ಸಮೇತ ಟೈಮು ಕೊಡುವ ಈ ನಾಟಕ ಯಾಕೆ? ‘ಸಂಜೆ ಯಾವಾಗಲಾದರೂ ಬನ್ನಿ, ಊಟ ತನ್ನಿ’ ಅಂದಿದ್ದರೆ ಸಾಕಿತ್ತಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಂತೆ ಆಸ್ಪತ್ರೆಯವರು ದರಪಟ್ಟಿ ಹಾಕಬೇಕು. ಆ ದರಕ್ಕೆ ಎಷ್ಟು ನಿಮಿಷ ಅನ್ನುವ ಇನ್ನೊಂದು ಬೋರ್ಡನ್ನೂ ಪಕ್ಕದಲ್ಲೇ ತೂಗುಹಾಕಲಿ. ಹೋಟೆಲಿನಲ್ಲಿ ಪ್ಲೇಟಿಗೆ ಎಷ್ಟು ಇಡ್ಲಿ ಅಂತ ಮೊದಲೇ ಹೇಳುವುದಿಲ್ಲವೆ?

ಇಷ್ಟೆಲ್ಲ ಆದಮೇಲೆ ಸಿಸ್ಟರ್ ಬಿಪಿ ನೋಡಿ ಹುಬ್ಬೇರಿಸುತ್ತಾರೆ: ‘ಜಾಸ್ತಿ ಇದೆಯಲ್ಲ ಸಾರ್, ಏನಾದ್ರೂ ಟೆನ್ಷನ್ನಾ?’ ಫೈಲಿನ ಮೇಲೆ ಸೀಲು ಬೀಳುತ್ತದೆ, ಏಳು ದಿನದೊಳಗೆ ಬಂದರೆ ಮರುಭೇಟಿ ಉಚಿತ. ಏಳನೇ ದಿನಕ್ಕೆ ಟೋಕನ್ ಕೇಳಿ ಫೋನ್ ಮಾಡಿದರೆ ಡಾಕ್ಟರು ಕಾನ್ಫರೆನ್ಸಿಗೆ ಹೋಗಿದ್ದಾರೆ. ಬರುವುದು ಎಂಟನೇ ದಿನ, ಸಂಜೆ 6.10ಕ್ಕೆ.