ತರ್ಕದ ಪೇಪರು ಬಿಟ್ಟವನ ಮಾತು

ಅಣ್ಣನ ಮಗಳು ಬಿಎಗೆ ಫಿಲಾಸಫಿ ತೆಗೆದುಕೊಂಡಿದ್ದಾಳೆ. "ಅದನ್ನ ಓದಿ ಏನ್ ಮಾಡ್ತಾಳೆ" ಅನ್ನುವ ನೆಂಟರ ವಿಚಾರಣೆ ಒಂದು ಸುತ್ತು ಮುಗಿದಿದೆ. ಮೊನ್ನೆ ಪೇಪರುಗಳ ಪಟ್ಟಿಯನ್ನು ವಾಟ್ಸಾಪ್‌ನಲ್ಲಿ ಕಳಿಸಿ, "ಚಿಕ್ಕಪ್ಪ, ಇದರಲ್ಲಿ ಯಾವುದು ಸ್ಕೋರಿಂಗ್?" ಅಂತ ಕೇಳಿದಳು. ನೀತಿಶಾಸ್ತ್ರಕ್ಕೆ ಟಿಕ್, ರಾಜಕೀಯ ಚಿಂತನೆಗೆ ಟಿಕ್. ತರ್ಕಶಾಸ್ತ್ರದ ಮುಂದೆ ಮಾತ್ರ ಇಂಟು ಮಾರ್ಕು. ಗಣಿತದ ಹಾಗೆ ಕಾಣುತ್ತದಂತೆ!

ನಾನೂ ಹೀಗೇ ತರ್ಕ ಬಿಟ್ಟವನು. ಕೊನೆಯ ವರ್ಷ ಜರ್ಮನ್ ತತ್ವಜ್ಞಾನಿ ಕಾಂಟ್ ಎದುರಾದಾಗ ನೋಟ್ಸ್ ಉರು ಹೊಡೆದು ಪಾಸಾದೆ. ಅಂಕ ಬಂತು, ಕಾಂಟ್ ಬರಲಿಲ್ಲ. ಆಮೇಲೆ ಗೊತ್ತಾಯಿತು, ತನ್ನನ್ನು ನಿದ್ದೆಯಿಂದ ಎಬ್ಬಿಸಿದವನು ಸ್ಕಾಟ್ಲೆಂಡಿನ ತತ್ವಜ್ಞಾನಿ ಹ್ಯೂಮ್ ಅಂತ ಕಾಂಟ್ ತಾನೇ ಬರೆದುಕೊಂಡಿದ್ದಾನೆ. ಹ್ಯೂಮ್ ಕೇಳಿದ್ದು ಏನು ಅಂತ ತಿಳಿಯದೆ ಕಾಂಟ್ ಕೊಟ್ಟ ಉತ್ತರ ಓದಿದರೆ ತಲೆಗೆ ಹೋಗುವುದಾದರೂ ಹೇಗೆ?

ಹ್ಯೂಮ್‌ನ ಪ್ರಶ್ನೆಯೋ, ಕಂಡದ್ದರಿಂದ ಕಾಣದ್ದನ್ನು ಊಹಿಸುವುದರ ಬಗ್ಗೆ, ಅಂದರೆ ತರ್ಕದ್ದೇ. ಅದಕ್ಕೇ ನನ್ನ ಹಟ ಇಷ್ಟೇ: ಮೊದಲು ತರ್ಕ, ಮಿಕ್ಕಿದ್ದೆಲ್ಲ ಆಮೇಲೆ. ಸಾಧ್ಯವಾದರೆ ಭಾರತೀಯ ದರ್ಶನವನ್ನೂ ಪಾಶ್ಚಾತ್ಯ ತತ್ವಶಾಸ್ತ್ರವನ್ನೂ ಒಂದೇ ಸೆಮಿಸ್ಟರಿನಲ್ಲಿ ತೆಗೆದುಕೊಳ್ಳಿ. ಭಾರತೀಯ ತರ್ಕದ ಪಂಥವಾದ ನ್ಯಾಯ ದರ್ಶನದವರ ಹಳೇ ಉದಾಹರಣೆ ಗೊತ್ತಲ್ವಾ, ಬೆಟ್ಟದಲ್ಲಿ ಬೆಂಕಿ ಇದೆ, ಯಾಕೆಂದರೆ ಹೊಗೆ ಇದೆ, ಹೊಗೆ ಇರುವಲ್ಲೆಲ್ಲ ಬೆಂಕಿ ಇರುತ್ತದೆ, ಅಡುಗೆಮನೆಯಲ್ಲಿ ನೋಡಿಲ್ವಾ ಅನ್ನುತ್ತಾರೆ. ಕಣ್ಣಾರೆ ಕಂಡದ್ದನ್ನಷ್ಟೇ ನಂಬುವ ಚಾರ್ವಾಕರು ಅಲ್ಲೇ ಹಿಡಿದುಕೊಳ್ಳುತ್ತಾರೆ: "ಇರುವಲ್ಲೆಲ್ಲ" ಅಂದಿರಲ್ಲ, ಎಲ್ಲ ಕಡೆ ಹೋಗಿ ನೋಡಿದವರು ಯಾರು? ಎಲ್ಲ ದರ್ಶನಗಳನ್ನೂ ಪರಿಚಯಿಸುವ, ವಿಜಯನಗರದ ಕಾಲದ ಸರ್ವದರ್ಶನ ಸಂಗ್ರಹ ಅನ್ನುವ ಗ್ರಂಥ ಶುರುವಾಗುವುದೇ ಈ ಚಾರ್ವಾಕರಿಂದ. ಅದು 14ನೇ ಶತಮಾನದ್ದು. ನಾಳೆಯೂ ನಿನ್ನೆಯ ಹಾಗೇ ನಡೆಯುತ್ತದೆ ಅನ್ನಲು ಏನು ಆಧಾರ ಅಂತ ಹ್ಯೂಮ್ ಕೇಳಿದ್ದು 1739ರಲ್ಲಿ. ಬೇರೆ ಬೇರೆ ವರ್ಷ ಓದಿದ್ದಕ್ಕೆ ಇವೆರಡೂ ಅಕ್ಕಪಕ್ಕದ ಪ್ರಶ್ನೆಗಳು ಅಂತ ನನಗೆ ಹೊಳೆಯಲೇ ಇಲ್ಲ. ಒಂದು ಪರೀಕ್ಷೆಗೆ, ಇನ್ನೊಂದು ಇನ್ನೊಂದು ಪರೀಕ್ಷೆಗೆ ಅಂತ ಬೇರೆ ಬೇರೆ ಡಬ್ಬಿಯಲ್ಲಿಟ್ಟಿದ್ದೆ.

ಅಣ್ಣನದು ಬೇರೆ ಲೆಕ್ಕ. ಯುಪಿಎಸ್‌ಸಿಯಲ್ಲಿ ಫಿಲಾಸಫಿ ಆಪ್ಷನಲ್ ಇದೆ, ಎರಡು ಪೇಪರು ಸೇರಿ 500 ಅಂಕ, ಸಿಲಬಸ್ಸೂ ಚಿಕ್ಕದು ಅನ್ನುತ್ತಾರೆ, ಅದಕ್ಕೆ ಹೊಂದುವುದನ್ನೇ ಆರಿಸಲಿ ಅಂತ. ತಪ್ಪೇನಿಲ್ಲ, ಹೊಟ್ಟೆಪಾಡೂ ಮುಖ್ಯವೇ. ಆದರೆ ಆ ಸಿಲಬಸ್ಸಿನಲ್ಲೂ ನ್ಯಾಯ, ಚಾರ್ವಾಕ, ಹ್ಯೂಮ್, ಕಾಂಟ್ ಎಲ್ಲರೂ ಕೂತಿದ್ದಾರೆ ಅಂತ ತೋರಿಸಿದೆ. ಸುಮ್ಮನಾದ.

ಹಾಗಂತ ನೀತಿಶಾಸ್ತ್ರ ಬೇಡ ಅನ್ನುತ್ತಿಲ್ಲ, ತಗೊಳ್ಳಲಿ. ಅದು ಸುಲಭ ಅಂತ ಮಾತ್ರ ತಗೊಳ್ಳಬಾರದು. ಸುಳ್ಳು ಹೇಳಬಾರದು ಅಂತ ಎಲ್ಲರಿಗೂ ಗೊತ್ತು, ಯಾಕೆ ಅಂತ ಎರಡು ಪುಟ ಬರೆಯಿರಿ ನೋಡೋಣ.

ಇಷ್ಟೆಲ್ಲ ಹೇಳಿದ ಮೇಲೆ ನಿನ್ನೆ ಅವಳ ಮೆಸೇಜು: "ತರ್ಕದ ಕ್ಲಾಸು ಬೆಳಿಗ್ಗೆ 8ಕ್ಕೆ ಚಿಕ್ಕಪ್ಪ, ಬಸ್ಸೇ ಸಿಗಲ್ಲ." ನ್ಯಾಯದಲ್ಲಿ ಇಂಥ ಕಾರಣಕ್ಕೆ ಹೇತ್ವಾಭಾಸ, ಅಂದರೆ ಕಾರಣದ ಹಾಗೆ ಕಾಣುವ ಪೊಳ್ಳು ಕಾರಣ ಅನ್ನುತ್ತಾರೆ ಕಣೇ, ಆರೂಮುಕ್ಕಾಲಿಗೆ ಬಸ್ಸಿದೆ ಅಂತ ಬರೆದೆ. ಬ್ಲೂ ಟಿಕ್ ಬಂದಿದೆ, ಉತ್ತರ ಬಂದಿಲ್ಲ.